ಬಂದೂಕಿನ ಬಿಲ್ಲೆಯ ಮೇಲೆ ಹೆಸರು

ಕೊಡಿಗೇಹಳ್ಳಿಯಲ್ಲಿ ಆ ಕಾಲಕ್ಕೆ ಐದು ಬಂದೂಕುಗಳಿದ್ದವು. ನಾಲ್ಕು ಗಂಡಸರವು, ಐದನೆಯದು ಮುನಿನಾರಾಯಣಮ್ಮನದು. ಗಂಡಸರ ಬಂದೂಕುಗಳು ಆಯುಧಪೂಜೆಯ ದಿನ ಕುಂಕುಮ ಇಡಿಸಿಕೊಂಡು, ಮದುವೆಯ ಮೆರವಣಿಗೆಗಳಲ್ಲಿ ಒಂದೆರಡು ಸಲ ಆಕಾಶಕ್ಕೆ ಸದ್ದು ಮಾಡಿ, ಉಳಿದ ವರ್ಷವೆಲ್ಲ ಗೋಡೆಯ ಮೊಳೆಗೆ ನೇತುಬಿದ್ದು ನಿದ್ದೆ ಮಾಡುತ್ತಿದ್ದವು. ಮುನಿನಾರಾಯಣಮ್ಮನದು ಮಾತ್ರ ದುಡಿಯುವ ಬಂದೂಕು. ಊರ ಪೂರ್ವಕ್ಕೆ ಆಕೆಗೆ ಎರಡು ಎಕರೆ ದ್ರಾಕ್ಷಿ ತೋಟವಿತ್ತು. ಕಾಯಿ ಕಪ್ಪಿಗೆ ತಿರುಗುತ್ತಿದ್ದಂತೆ ಗಿಳಿ, ಗೊರವಂಕ, ಕಾಗೆಗಳು ಯಾರೋ ಕರೆದು ಎಲೆ ಹಾಕಿದಂತೆ ಬಂದು ಕೂರುತ್ತಿದ್ದವು. ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ಆಕೆ ಬದುವಿನ ಮೇಲೆ ನಿಂತು ಒಂದೊಂದು ಮದ್ದಿನ ತೋಟಾ ಹಾರಿಸಿದರೆ ಹಿಂಡು ಪೂರಾ ಎದ್ದು ಹೆಬ್ಬಾಳದ ಕೆರೆಯ ಕಡೆಗೆ ಹೋಗುತ್ತಿತ್ತು. ಹಕ್ಕಿಗೆ ಗುರಿ ಇಡುತ್ತಿರಲಿಲ್ಲ, ಸದ್ದೇ ಸಾಕಾಗಿತ್ತು.

ಬ್ಯಾಟರಾಯನಪುರದಲ್ಲಿ ಹುಟ್ಟಿದ ಹೆಣ್ಣು. ಹದಿನಾರು ತುಂಬುವ ಮೊದಲೇ ಕೊಡಿಗೇಹಳ್ಳಿಯ ಮುನಿಆಂಜಿನಪ್ಪನ ಕೈಹಿಡಿದು ಬಂದಳು. ಗಂಡ ಒಳ್ಳೆಯವನು, ಹೊಸದನ್ನು ಮಾಡಿ ನೋಡುವ ಹುರುಪಿನವನು. ರಾಗಿ ಬೆಳೆಯುತ್ತಿದ್ದ ನೆಲಕ್ಕೆ ಕಲ್ಲುಕಂಬ ನೆಟ್ಟು, ತಂತಿ ಎಳೆದು, ದ್ರಾಕ್ಷಿ ಹಬ್ಬಿಸಿದ. ಅಣ್ಣತಮ್ಮಂದಿರ ನಡುವೆ ಭಾಗವಾದ ಮೇಲೆ, ತನ್ನ ಮೊದಲ ಬೆಳೆ ಮಾರಿದ ವರ್ಷ, ಬೆಂಗಳೂರು ದಂಡಿನ ಒಂದು ಬಂದೂಕಿನ ಅಂಗಡಿಯಿಂದ ಯಾವನೋ ಇಂಗ್ಲಿಷಿನವನು ಬಿಟ್ಟುಹೋಗಿದ್ದ ಹಳೆಯ ಒಂಟಿ ನಳಿಗೆಯ ಬಂದೂಕನ್ನು ತಂದ. ಹೆಂಡತಿಗೂ ತೋಟಾ ತುಂಬುವುದನ್ನು, ಹೆಗಲಿಗೆ ಕೊಟ್ಟು ಹಾರಿಸುವುದನ್ನು ಕಲಿಸಿದ. ಎಪ್ಪತ್ತೈದರಲ್ಲಿ, ನಾಲ್ಕು ದಿನದ ಜ್ವರದಲ್ಲಿ, ತೀರಿಕೊಂಡ.

ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮುನಿನಾರಾಯಣಮ್ಮ ಒಂದೂವರೆ ವರ್ಷ ಕಚೇರಿ ಅಲೆದಳು. ಕಚೇರಿಯವರಿಗೆ ಅದು ಅರ್ಥವಾಗಲೇ ಇಲ್ಲ. "ಮನೇಲಿ ಗಂಡಸರು ಯಾರೂ ಇಲ್ವಾಮ್ಮ?" ಎಂದು ಕೇಳಿದವರೇ ಮತ್ತೆ ಕೇಳುತ್ತಿದ್ದರು. "ಮೈದುನ ಇದ್ದಾನಲ್ಲ, ಅವನ ಹೆಸರಿಗೆ ಮಾಡಿದ್ರೆ ಆಯ್ತಪ್ಪ" ಎಂದು ತಾವೇ ಪರಿಹಾರವನ್ನೂ ಹೇಳುತ್ತಿದ್ದರು. ಮೈದುನ ಚಿಕ್ಕಬೈರಪ್ಪನಿಗೆ ಭಾಗದಲ್ಲಿ ಬೇರೆ ನೆಲ ಬಂದಿತ್ತು, ಬೇರೆ ಮನೆ ಇತ್ತು, ದ್ರಾಕ್ಷಿ ಇರಲಿಲ್ಲ, ಹಕ್ಕಿಯ ಕಾಟವೂ ಇರಲಿಲ್ಲ. "ತ್ವಾಟ ನನ್ದು, ಅಕ್ಕಿ ಬರಾದು ನನ್ ತ್ವಾಟಕ್ಕೆ, ಬಂದೂಕ ಮಾತ್ರ ಅವನ್ಗಾ?" ಎಂದು ಆಕೆ ಕೇಳಿದಳು. ಕೊನೆಗೆ ಒಬ್ಬ ಅಧಿಕಾರಿಗೆ ಬೇಸರ ಬಂದು ಸಹಿ ಹಾಕಿದ.

ಆದರೆ ಲೈಸೆನ್ಸ್ ಪುಸ್ತಕದಲ್ಲಿ ಹೆಸರು ಬದಲಾಯಿತೇ ಹೊರತು ಊರಿನ ಬಾಯಲ್ಲಿ ಬದಲಾಗಲಿಲ್ಲ. ಚಿಕ್ಕಬೈರಪ್ಪ ಅದನ್ನು "ನಮ್ಮನೆ ಬಂದೂಕ" ಎಂದೇ ಕರೆಯುತ್ತಿದ್ದ. ಕೆಟ್ಟವನಲ್ಲ. ಅಣ್ಣ ಸತ್ತಾಗ ಎರಡು ದಿನ ಊಟ ಬಿಟ್ಟವನು. ಆದರೆ ಆ ಮನೆತನದ ಬಂದೂಕು ತನ್ನ ಮನೆಯ ಪಡಸಾಲೆಯಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ, ತೂಗಬೇಕೆಂಬುದು ಅವನ ಆಸೆ. ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೇಳಿದ್ದರೆ ಬೈದಾದರೂ ಮುಗಿಸಬಹುದಾಗಿತ್ತು.

ಎಪ್ಪತ್ತೆಂಟರ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸ್ ಇದ್ದವರೆಲ್ಲ ತಮ್ಮ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಮತ ಎಣಿಕೆ ಮುಗಿದ ಮೇಲೆ ವಾಪಸ್ಸು ತರಬೇಕು. ಮುನಿನಾರಾಯಣಮ್ಮನೂ ಒಪ್ಪಿಸಿದಳು. ತರಲು ಹೋದರೆ ಬಂದೂಕು ಇಲ್ಲ. ಹಿಂದಿನ ದಿನವೇ ಚಿಕ್ಕಬೈರಪ್ಪ ಬಂದು, "ಅತ್ತಿಗೆ ಕಳ್ಸವ್ರೆ" ಎಂದು ಹೇಳಿ ಒಯ್ದಿದ್ದ. ಠಾಣೆಯವರು ಒಂದೇ ಮನೆ ಎಂದು ಕೊಟ್ಟುಬಿಟ್ಟಿದ್ದರು. ಹೋಗಿ ಕೇಳಿದರೆ, "ಇರ್ಲಿ ಬಿಡತ್ತಿಗೆ, ಎಲ್ಲಿದ್ರೇನು, ಬೇಕಾದಾಗ ತಗಂಡೋಗು" ಎಂದ. ಬೇಕಾದದ್ದು ದಿನಕ್ಕೆ ಎರಡು ಸಲ. ಹೋದಾಗೆಲ್ಲ ಅವನ ಮನೆಗೆ ಬೀಗ, ಇಲ್ಲವೇ ಬೀಗದ ಕೈ ಅವನ ಜೇಬಿನಲ್ಲಿ, ಅವನು ಯಲಹಂಕದಲ್ಲಿ. ಆ ವರ್ಷದ ಬೆಳೆಯಲ್ಲಿ ಮೂರು ಸಾಲು ಹಕ್ಕಿಯ ಪಾಲಾಯಿತು. ಎಂಟು ತಿಂಗಳ ಮೇಲೆ, ಊರ ಹಿರಿಯರ ಮುಂದೆ ಕೂಗಾಡಿ, ಬಂದೂಕನ್ನು ಮನೆಗೆ ತಂದಳು. ಇನ್ನೊಂದು ಚುನಾವಣೆಗೆ ಹೀಗಾಗಕೂಡದು ಎಂದು ಅಂದೇ ನಿಶ್ಚಯಿಸಿದಳು.

ಎಂಬತ್ತರ ಲೋಕಸಭೆ ಚುನಾವಣೆಗೆ ಠಾಣೆಯ ಬಾಗಿಲಲ್ಲೇ ಕಾದು ಕೂತು ಬಿಡಿಸಿಕೊಂಡು ಬಂದಳು. ಗಟ್ಟಿ ದಾರಿ ಸಿಕ್ಕಿದ್ದು ನಾಲ್ಕು ವರ್ಷ ಕಳೆದ ಮೇಲೆ. ತೋಟಾ ಕೊಳ್ಳಲು ದಂಡಿಗೆ ಹೋದಾಗ ಬಂದೂಕಿನ ಅಂಗಡಿಯ ಮುದುಕ ಅದನ್ನು ತಿರುಗಿಸಿ ನೋಡಿದ. ಹೆಗಲಿಗೆ ಒತ್ತುವ ಮರದ ಭಾಗದ ಕೆಳಗೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಮೊಟ್ಟೆಯ ಆಕಾರದ ಒಂದು ಬೆಳ್ಳಿ ಬಿಲ್ಲೆ ಕೂರಿಸಿತ್ತು. ಮರಕ್ಕೆ ತೂತು ಬಿದ್ದಿದ್ದಕ್ಕೆ ತೇಪೆ ಹಾಕಿದ್ದಾರೆ ಎಂದು ಮುನಿಆಂಜಿನಪ್ಪ ಹೇಳುತ್ತಿದ್ದ. ಹೆಂಡತಿಯೂ ಇಪ್ಪತ್ತು ವರ್ಷ ಹಾಗೆಯೇ ನಂಬಿದ್ದಳು. "ತೇಪೆ ಅಲ್ಲಮ್ಮ ಇದು," ಎಂದ ಮುದುಕ. "ಯಜಮಾನರು ತಮ್ಮ ಹೆಸರಿನ ಅಕ್ಷರ ಕೆತ್ತಿಸಿಕೊಳ್ಳೋಕೆ ಬಿಟ್ಟಿರೋ ಜಾಗ. ನಿಮ್ಮದು ಇನ್ನೂ ಖಾಲಿ ಇದೆ. ಕೆತ್ತೋರು ಈಗ ನಮ್ಮತ್ರ ಯಾರೂ ಇಲ್ಲ."

ಮುನಿನಾರಾಯಣಮ್ಮನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಬಂದೂಕಿನ ಮೈಮೇಲೆಯೇ ತನ್ನ ಹೆಸರು ಕೂತರೆ, ಠಾಣೆಯವರು ಕಣ್ಣುಮುಚ್ಚಿ ಬೇರೆಯವರಿಗೆ ಕೊಡುವುದು ಹೇಗೆ?

ಎಂಬತ್ತೆರಡರ ಕೊನೆ. ಹೊಸ ವರ್ಷ ಹುಟ್ಟುತ್ತಲೇ ಚುನಾವಣೆ ಎಂದು ಎಲ್ಲ ಕಡೆ ಮಾತು. ಯಶವಂತಪುರದ ಸಂತೆ ಬೀದಿಯಲ್ಲಿ, ಒಂದು ಪಾತ್ರೆ ಅಂಗಡಿಯ ಮುಂದಿನ ಜಗಲಿಯಲ್ಲಿ, ಗಯಾಸ್ ಎಂಬವನು ಪಾತ್ರೆಗಳ ಮೇಲೆ ಹೆಸರು ಕೆತ್ತಿಕೊಂಡು ಕೂತಿರುತ್ತಿದ್ದ. ಯಲಹಂಕದಿಂದ ಮತ್ತೀಕೆರೆಯವರೆಗೆ ಯಾರ ಮನೆಯ ಕೊಳದಪ್ಪಲೆ ತಿರುಗಿಸಿದರೂ ಅವನ ಕೈಬರಹ ಕಾಣುತ್ತಿತ್ತು. ಮುನಿನಾರಾಯಣಮ್ಮ ಬಂದೂಕನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮೇಲೆ ಗೋಣಿತಾಟು ಕಟ್ಟಿ, ಲೈಸೆನ್ಸ್ ಪುಸ್ತಕವನ್ನು ಸೊಂಟದ ಚೀಲಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.

"ಏನಮ್ಮ ಅದು ಉದ್ದಕ್ಕೆ, ಗುದ್ದಲಿನಾ?" ಎಂದ ಕಂಡಕ್ಟರು.

"ಬಂದೂಕ ಕಣಪ್ಪ."

ಆಕೆ ಸುಳ್ಳು ಹೇಳುವವಳಲ್ಲ. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿದ. ಮುಂದಿನ ಸೀಟಿನವರು ಹಿಂದಕ್ಕೂ, ಹಿಂದಿನವರು ಮುಂದಕ್ಕೂ ಸರಿದು ಒಬ್ಬರ ಮೇಲೊಬ್ಬರು ಬಿದ್ದರು. ಲೈಸೆನ್ಸ್ ಪುಸ್ತಕ ಡ್ರೈವರಿನ ಕೈವರೆಗೆ ಹೋಗಿ, ನಾಲ್ಕು ಜನ ಅದನ್ನು ಓದಿ, ಫೋಟೋಕ್ಕೂ ಮುಖಕ್ಕೂ ಹೋಲಿಸಿ, ಆಕೆಯನ್ನು ಹೆಬ್ಬಾಳದಲ್ಲಿ ಇಳಿಸಿಬಿಟ್ಟರು. ಅಲ್ಲಿಂದ ಇನ್ನೊಂದು ಬಸ್ಸು. ಮತ್ತೆ ಅದೇ ಪ್ರಶ್ನೆ. ಈ ಸಲ "ಸಾಮಾನು" ಎಂದು ಮಾತ್ರ ಹೇಳಿ ಮುಖ ತಿರುಗಿಸಿಕೊಂಡಳು. ಯಶವಂತಪುರಕ್ಕೆ ಹೋಗಿ ನೋಡಿದರೆ ಗಯಾಸ್ ಇಲ್ಲ. ತಂಗಿಯ ಮನೆಗೆ ಹೋಗಿದ್ದಾನೆ, ಬುಧವಾರ ಬರುತ್ತಾನೆ ಎಂದರು.

ಬುಧವಾರ ಮತ್ತೆ ಹೋದಳು. ಗಯಾಸ್ ಒಂದು ಹಿತ್ತಾಳೆ ಬಿಂದಿಗೆಯನ್ನು ತೊಡೆಗಳ ನಡುವೆ ಹಿಡಿದು ಸಣ್ಣ ಉಳಿಯಿಂದ ಟಕಟಕ ಕುಟ್ಟುತ್ತಿದ್ದ. ಗೋಣಿತಾಟು ಬಿಚ್ಚಿದ್ದೇ ತಡ, ಬಿಂದಿಗೆ ಬಿಟ್ಟು ಎದ್ದು ನಿಂತ.

"ಅಮ್ಮಾ, ನಾನು ಮಕ್ಕಳೊಂದಿಗ! ಇದ್ರ ಮೇಲೆ ಸುತ್ತಿಗೆ ಹೊಡೆದ್ರೆ ಢಂ ಅಂದ್ರೆ?"

"ಒಳ್ಗೆ ಏನೂ ಇಲ್ಲ ಕಣಪ್ಪ." ಆಕೆ ಬಂದೂಕನ್ನು ಕೀಲಿನ ಬಳಿ ಮಡಿಸಿ, ಖಾಲಿ ನಳಿಗೆಯ ಮೂಲಕ ಅವನಿಗೆ ಆಕಾಶ ತೋರಿಸಿದಳು.

ಅವನು ಒಂದು ಕಣ್ಣು ಮುಚ್ಚಿ ಆಕಾಶ ನೋಡಿದ. ಬಿಲ್ಲೆಯನ್ನೂ ಉಗುರಿನಿಂದ ಕೆರೆದು ನೋಡಿದ. ಕಸುಬಿನ ಆಸೆ ಕಣ್ಣಿಗೆ ಬಂತು, ಆದರೂ ತಲೆ ಅಲ್ಲಾಡಿಸಿದ. "ಪೊಲೀಸಿಂದ ಚೀಟಿ ತನ್ನಿ ಅಮ್ಮಾ. ಸರ್ಕಾರಿ ವಸ್ತು ಇದು."

"ಸರ್ಕಾರದ್ದಲ್ಲ, ನನ್ದು!"

"ನಿಮ್ದೇ. ಚೀಟಿ ತನ್ನಿ."

ಆಕೆ ಬಂದ ದಾರಿಗೆ ಹಿಂತಿರುಗಿ ಠಾಣೆಗೆ ಹೋದಳು. ಅಲ್ಲಿಯ ಬರವಣಿಗೆಯ ಕೆಲಸ ನೋಡಿಕೊಳ್ಳುತ್ತಿದ್ದವನು ಪಂಚಪ್ಪ, ಬಿಜಾಪುರದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಹೆಡ್ ಕಾನ್ಸ್‌ಟೇಬಲ್. ಎಲ್ಲರಿಗೂ ಉಪಕಾರ ಮಾಡಬೇಕೆನ್ನುವ, ಅದರಿಂದಲೇ ಎಲ್ಲರಿಗೂ ತೊಂದರೆ ಕೊಡುವ ಸ್ವಭಾವ. "ಹೆಸರು ಕೆತ್ತಸಾಕ ಯಾರ ಅಪ್ಪಣಿ ಬೇಕ್ರೀ ಯವ್ವಾ?" ಎಂದು ಜೋರಾಗಿ ನಕ್ಕ. ಬೇಕು ಎನ್ನುತ್ತಾನೆ ಕೆತ್ತುವವನು ಎಂದಾಗ, ಒಂದು ತುಂಡು ಕಾಗದದ ಮೇಲೆ 'ಅಭ್ಯಂತರವಿಲ್ಲ' ಎಂದು ಬರೆದು, ಅದಕ್ಕೆ ಯಾವ ಮೊಹರು ಒತ್ತಬೇಕೆಂದು ಅರ್ಧ ಗಂಟೆ ಹುಡುಕಿ, ಕೊನೆಗೆ ಅಂಚೆಯ ಲಕೋಟೆಗೆ ಹಾಕುವ ಮೊಹರನ್ನು ಒತ್ತಿಕೊಟ್ಟ.

ಮೂರನೆಯ ಸಲ ಗಯಾಸ್ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಇಟ್ಟುಕೊಂಡ. ಈಗ ಬೇರೆ ತೊಡಕು. ಪಾತ್ರೆಯಾದರೆ ತೊಡೆಗೆ ಒರಗುತ್ತದೆ, ಬಂದೂಕು ಒರಗುವುದಿಲ್ಲ. ಕಲ್ಲಿನ ಮೇಲಿಟ್ಟರೆ ಮರ ಸೀಳುತ್ತದೆ, ಚಾಪೆಯ ಮೇಲಿಟ್ಟರೆ ಅಲ್ಲಾಡುತ್ತದೆ. "ಬಿಟ್ಟು ಹೋಗಿ, ನಾಳೆ ಏನಾದ್ರೂ ಮಾಡ್ತೀನಿ" ಎಂದ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಬಂದೂಕು ಬಿಟ್ಟುಹೋಗುವಂತಿಲ್ಲ ಎಂದು ಆಕೆಗೆ ಗೊತ್ತಿತ್ತು. ಎದುರಿನ ದಿನಸಿ ಅಂಗಡಿಗೆ ಹೋಗಿ, ಬೇಡಿ, ಅರ್ಧ ಮೂಟೆ ರಾಗಿಯನ್ನು ತಾನೇ ಎಳೆದು ತಂದಳು. ರಾಗಿಯ ಮೇಲೆ ಬಂದೂಕು ಮಗುವಿನಂತೆ ಅಲುಗದೆ ಮಲಗಿತು.

"ಹೇಳಿ ಅಮ್ಮಾ. ಯಾರಿಗೆ ಕೊಡ್ತಿದ್ದೀರಿ?"

"ಏನು ಕೊಡಾದು?"

"ಬಂದೂಕ. ಅಳಿಯಂಗಾ?"

"ಯಾರ್ಗೂ ಕೊಡಾಕಿಲ್ಲ. ನನ್ ಎಸ್ರು ಆಕು. ಮು ಅಂತ ಒಂದು, ನಾ ಅಂತ ಒಂದು."

ಗಯಾಸ್ ಉಳಿ ಕೆಳಗಿಟ್ಟ. ಇಪ್ಪತ್ತೆರಡು ವರ್ಷದಿಂದ ಅವನು ಕೆತ್ತಿದ್ದ ಹೆಸರುಗಳೆಲ್ಲ ಕೊಡುವವರವು. ನಮ್ಮ ಕಡೆ ಮದುವೆಗೆ ಮುಯ್ಯಿ ಮಾಡುವವರು ಪಾತ್ರೆಯ ಮೇಲೆ ತಮ್ಮ ಹೆಸರು ಹಾಕಿಸಿ ಕೊಡುತ್ತಾರೆ; ಯಾರು ಏನು ಕೊಟ್ಟರೆಂಬುದು ಪಾತ್ರೆ ಸವೆಯುವತನಕ ನೆನಪಿರಬೇಕಲ್ಲ. ಹಾಗಾಗಿ ಯಾವ ಮನೆಯ ಪಾತ್ರೆಯ ಮೇಲೂ ಆ ಮನೆಯವರ ಹೆಸರು ಇರುವುದಿಲ್ಲ. "ತನ್ನ ವಸ್ತುಗೆ ತಾನೇ ಹೆಸ್ರು ಹಾಕಿಸಿದ್ದು ನಾನು ನೋಡಿಲ್ಲ," ಎಂದ ಅವನು. "ನಿಮ್ದು ಅಂತ ನಿಮ್ಗೆ ಗೊತ್ತಿಲ್ವಾ?"

"ನನ್ಗೆ ಗೊತ್ತೈತೆ. ಮಿಕ್ಕೋರ್ಗೆ ಗೊತ್ತಾಗ್ಲಿ ಅಂತ್ಲೇ ಮೂರು ದಪ ಬಸ್ಸು ಅತ್ತಿದ್ದು. ನೀನು ಕುಟ್ಟಪ್ಪ ಸುಮ್ಕೆ!"

ಅವನು ಕುಟ್ಟಿದ. ಪಾತ್ರೆಯ ಮೇಲೆ ಕುಟ್ಟಿದಂತೆ ಅಲ್ಲ. ಉಸಿರು ಹಿಡಿದು, ಬೆಳ್ಳಿಯ ಮೇಲೆ ಕೂದಲೆಳೆಯಂತೆ ಗೀಚಿ, ಆಮೇಲೆ ಉಳಿ ಆಡಿಸಿದ. ದುಂಡಗೆ ಎರಡು ಅಕ್ಷರ ಬಿಲ್ಲೆಯ ನಡುಮಧ್ಯ ಕೂತವು. ಸುತ್ತ ಒಂದು ಬಳ್ಳಿ ಹಾಕಲೇ ಎಂದು ಆಸೆಯಿಂದ ಕೇಳಿದ. ಬೇಡವೆಂದಳು. ಆಮೇಲೆ ಬಸ್ಸಿನಲ್ಲಿ ಕೂತು, ಗೋಣಿತಾಟಿನ ಸಂದಿಯಿಂದ ಬೆರಳು ತೂರಿಸಿ, ಆ ಎರಡು ಅಕ್ಷರಗಳನ್ನು ಹೆಬ್ಬಾಳದವರೆಗೂ ಸವರಿಕೊಂಡೇ ಬಂದಳು.

ಡಿಸೆಂಬರಿನಲ್ಲಿ ಬಂದೂಕು ಠಾಣೆಗೆ ಹೋಯಿತು. ಪಂಚಪ್ಪನೇ ಬರೆದುಕೊಂಡ, ರಸೀದಿ ಕೊಟ್ಟ. ಮುನಿನಾರಾಯಣಮ್ಮ ಬಂದೂಕನ್ನು ಬೋರಲಾಗಿ ತಿರುಗಿಸಿ ಬಿಲ್ಲೆಯನ್ನು ಅವನಿಗೆ ತೋರಿಸಿದಳು. "ಭಾಳ ಚಂದ ಬಂದೈತ್ರೀ ಯವ್ವಾ" ಎಂದು ಅವನು ಮೆಚ್ಚಿಕೊಂಡ. ಐವತ್ತು ಅರುವತ್ತು ಬಂದೂಕುಗಳ ನಡುವೆ ಅದನ್ನು ಗೋಡೆಗೆ ಒರಗಿಸಿದ. ಜನವರಿ ಮೊದಲ ವಾರ ಮತದಾನ ಮುಗಿಯಿತು, ಎಣಿಕೆಯೂ ಆಯಿತು. ತೋಟದಲ್ಲಿ ಹಣ್ಣು ಕಪ್ಪಾಗುತ್ತಿತ್ತು. ಆಕೆ ತಗಡಿನ ಡಬ್ಬ ಬಡಿದು, ಗಂಟಲು ಹರಿಯುವಂತೆ ಕೂಗಿ ಹಕ್ಕಿ ಓಡಿಸುತ್ತಿದ್ದಳು. ಬಂದೂಕುಗಳನ್ನು ಹಿಂದಿರುಗಿಸುತ್ತಿದ್ದಾರೆಂಬ ಸುದ್ದಿ ತಲುಪಿದ ಮರುಗಳಿಗೆಗೇ ಡಬ್ಬ ಬಿಸಾಡಿ, ರಸೀದಿ ತೆಗೆದುಕೊಂಡು ನಡೆದಳು.

"ನಿಮ್ಮದು ನಿನ್ನೇನ ಹೋತಲ್ರೀ ಯವ್ವಾ," ಎಂದ ಪಂಚಪ್ಪ, ಒಳ್ಳೆಯ ಸುದ್ದಿ ಹೇಳುವವನ ಮುಖದಿಂದ.

"ಎಲ್ಲಿಗೋಯ್ತು?"

"ನಿಮ್ಮ ಮೈದುನರು ಬಂದು ಒಯ್ದ್ರಲ್ಲ."

ಆಕೆ ರಸೀದಿಯನ್ನು ಅವನ ಮುಖದ ಮುಂದೆ ಹಿಡಿದಳು. "ರಸೀದಿ ನನ್ ಕೈಯಾಗೈತೆ. ಲೈಸೆನ್ಸು ನನ್ ಕೈಯಾಗೈತೆ. ಅದರ ಮ್ಯಾಲೆ ನನ್ ಎಸ್ರೈತೆ! ಎಂಗ್ ಕೊಟ್ರಿ ನೀವು?"

"ಹೆಸರೈತಂತನ ಕೊಟ್ಟೀನ್ರೀ," ಎಂದ ಪಂಚಪ್ಪ, ನಿಜವಾದ ಆಶ್ಚರ್ಯದಿಂದ. "ಯಾರ ಹೆಸರ್ರೀ ಇದು ಅಂತ ಕೇಳಿದೆ. ನಮ್ಮ ಅತ್ತಿಗಿಯವರದು ಅಂದ್ರು. ಅಂದ್ರ ಅತ್ತಿಗಿಯವರು ನಿಮಗ ಕೊಟ್ಟಾರೇನ್ರಿ, ಅಂದೆ. ಅವರು ಇಲ್ಲ ಅನ್ನಲಿಲ್ಲ, ನಕ್ಕರು. ಹೆಸರು ಯಾವಾಗಲೂ ಕೊಟ್ಟವರದ ಅಲ್ಲೇನ್ರೀ? ನಮ್ಮ ಮನ್ಯಾಗ ಮದುವ್ಯಾಗ ಬಂದ ಹದಿನಾಲ್ಕು ಚರಗಿ ಅದಾವು. ಒಂದರ ಮ್ಯಾಲೂ ನನ್ನ ಹೆಸರಿಲ್ಲ. ನಮ್ಮಾಕಿ ದಾನವ್ವಂದೂ ಇಲ್ಲ."

ಬೆಂಚಿನ ಮೇಲೆ ಯಾವುದೋ ದೂರಿಗೆ ಬಂದು ಕೂತಿದ್ದ ಇಬ್ಬರು ಹೌದು ಹೌದೆಂದು ತಲೆಯಾಡಿಸಿದರು. ಅವರ ಮನೆಯಲ್ಲೂ ಹಾಗೆಯೇ ಅಂತೆ.

ಮೂರು ಸಲ ಬಸ್ಸು, ಅರ್ಧ ಮೂಟೆ ರಾಗಿ, ಅಂಚೆಯ ಮೊಹರು! ಇದು ನನ್ನದು ಎಂದು ಬೆಳ್ಳಿಯ ಮೇಲೆ ಕೆತ್ತಿಸಿಟ್ಟರೆ, ಇದನ್ನು ಕೊಟ್ಟೆ ಎಂದು ಓದುವ ಜನ. ಖಾಲಿ ಬಿಟ್ಟಿದ್ದರೇ ಚೆನ್ನಾಗಿತ್ತೇನೋ ಎಂದು ಮುನಿನಾರಾಯಣಮ್ಮನಿಗೆ ಅನ್ನಿಸಿತು. ಅಳು ಬರಲಿಲ್ಲ, ಅಳುವುದಕ್ಕೂ ಪುರುಸೊತ್ತಿಲ್ಲದಷ್ಟು ಸಿಟ್ಟು ಬಂತು. ಠಾಣೆಯ ನಡುಮನೆಯಲ್ಲಿ, ಹೋಗುವವರಿಗೂ ಬರುವವರಿಗೂ ಅಡ್ಡವಾಗಿ, ನೆಲದ ಮೇಲೆ ಕೂತುಬಿಟ್ಟಳು.

"ಬಂದೂಕ ಬರಾಗಂಟ ನಾನು ಏಳಾಕಿಲ್ಲ."

"ಮ್ಯಾಲ ಬೆಂಚ್ ಐತ್ರೀ ಯವ್ವಾ—"

"ಏಳಾಕಿಲ್ಲ ಅಂದೆ!"

ಮಧ್ಯಾಹ್ನದ ಹೊತ್ತಿಗೆ ಇನ್ಸ್‌ಪೆಕ್ಟರು ಬಂದರು. ಚುನಾವಣೆಯ ಬಂದೋಬಸ್ತು ಮುಗಿಸಿ ವಾರದಿಂದ ಸರಿಯಾಗಿ ನಿದ್ದೆಯಿಲ್ಲದ ಮನುಷ್ಯ. ಒಳಗೆ ಕಾಲಿಡಲು ಹೋಗಿ ಮುನಿನಾರಾಯಣಮ್ಮನನ್ನು ಎಡವುವುದರಲ್ಲಿದ್ದರು. ವಿಷಯ ಕೇಳಿದರು. ಪಂಚಪ್ಪ ಹದಿನಾಲ್ಕು ಚರಗಿಗಳಿಂದ ಶುರುಮಾಡಿದ. ಇನ್ಸ್‌ಪೆಕ್ಟರು ಹಣೆ ಉಜ್ಜಿಕೊಂಡರು.

"ರೀ ಪಂಚಪ್ಪ, ಇದು ಬಂದೂಕ ಕಣ್ರೀ. ಪಾತ್ರೆ ಅಲ್ಲ."

"ಹೌದ್ರೀ ಸಾಹೇಬ್ರ. ಆದ್ರ ಹೆಸರು ಹಾಕಿಸೋ ಪದ್ಧತಿ—"

"ಪದ್ಧತಿ ಸಾಯ್ಲಿ! ಹೋಗಿ ಆ ಚಿಕ್ಕಬೈರಪ್ಪನ್ನ ಬಂದೂಕ ಸಮೇತ ಕರ್ಕೊಂಡು ಬನ್ನಿ."

ಒಂದು ಗಂಟೆಯ ಮೇಲೆ ಚಿಕ್ಕಬೈರಪ್ಪ ಬಂದ. ತಲೆಗೆ ಎಣ್ಣೆ ಹಾಕಿ ಬಾಚಿ, ಶುಭ್ರವಾದ ಪಂಚೆ ಉಟ್ಟು, ಮರ್ಯಾದಸ್ಥನಂತೆ ಬಂದ. ಬಂದೂಕು ಪಂಚಪ್ಪನ ಕೈಯಲ್ಲಿತ್ತು. ನೆಲದ ಮೇಲೆ ಕೂತ ಅತ್ತಿಗೆಯನ್ನು ಕಂಡು ಅವನಿಗೆ ಮುಜುಗರವಾಯಿತು. "ಇದೇನತ್ತಿಗೆ, ಇಂಗೆ ಕುಂತಿದ್ದೀಯ? ಮನೇಲಿ ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?"

"ಎಂಟು ತಿಂಗ್ಳು ಕೇಳಿದ್ದೆ ಕಣೋ ಓದ್ಸಲ!"

"ಸುಮ್ನಿರಿ ಇಬ್ರೂ," ಎಂದರು ಇನ್ಸ್‌ಪೆಕ್ಟರು. "ನೀನು ಹೇಳಯ್ಯ. ನಿಮ್ಮ ಅತ್ತಿಗೆ ಇದನ್ನ ನಿಂಗೆ ಕೊಟ್ಟಿದ್ದಾರಾ?"

ಚಿಕ್ಕಬೈರಪ್ಪ ಗೋಡೆ ನೋಡಿದ. "ಎಸ್ರು ಆಕ್ಸವ್ರಲ್ಲ ಸಾರ್..."

"ಹೆಸರಿನ ಮಾತು ಬಿಡು. ಕೊಟ್ಟಿದ್ದಾರಾ, ಇಲ್ವಾ?"

"ಒಂತರಾ ಕೊಟ್ಟಂಗೇನೇ ಸಾರ್. ಒಂದೇ ವಂಶ ಅಲ್ವಾ."

"ಸರಿ. ಕೊಟ್ಟಿದ್ರೆ ಇದು ನಿಂದು. ನಿಂದಾದ ಮೇಲೆ, ಎಲ್ಲಿ, ನಿನ್ನ ಲೈಸೆನ್ಸ್ ತೆಗಿ."

ಚಿಕ್ಕಬೈರಪ್ಪನ ಕೈ ತಾನಾಗಿ ಜೇಬಿನ ಕಡೆಗೆ ಹೋಗಿ, ಅಲ್ಲಿ ಏನೂ ಇಲ್ಲವೆಂದು ನೆನಪಾಗಿ, ವಾಪಸ್ಸು ಬಂತು.

"ಲೈಸೆನ್ಸ್ ಇಲ್ದೆ ನಿನ್ನೆಯಿಂದ ಬಂದೂಕ ಮನೇಲಿ ಇಟ್ಕೊಂಡಿದ್ದೀಯ," ಎಂದರು ಇನ್ಸ್‌ಪೆಕ್ಟರು, ಬೇಸರದ ದನಿಯಲ್ಲಿ. "ಇದಕ್ಕೆ ಏನಾಗತ್ತೆ ಗೊತ್ತೇನಯ್ಯಾ?"

"ಸಾರ್, ಅದು ನಂದಲ್ಲ ಸಾರ್!"

"ಈಗ ತಾನೇ ಕೊಟ್ಟರು ಅಂದೆ."

"ಇಲ್ಲ ಸಾರ್, ಕೊಟ್ಟಿಲ್ಲ ಸಾರ್!"

"ಕೊಡದೆ ಇದ್ದದ್ದನ್ನ ತಗೊಂಡು ಹೋದ್ರೆ ಅದಕ್ಕೆ ಬೇರೆ ಹೆಸರಿದೆ." ಇನ್ಸ್‌ಪೆಕ್ಟರು ಕೆಳಗೆ ನೋಡಿದರು. "ಅಮ್ಮಾ, ದೂರು ಕೊಡ್ತೀರಾ? ಕೊಟ್ರೆ ಒಳಗೆ ಕೂರಿಸ್ತೀನಿ."

ಪಂಚಪ್ಪ ಬೆವರುತ್ತಿದ್ದ, ಕೊಟ್ಟವನು ತಾನೇ ಎಂಬುದು ಅವನಿಗೆ ಈಗ ತಾನೇ ಹೊಳೆದಿತ್ತು. "ಸಾಹೇಬ್ರ..." ಎಂದು ಬಾಯಿ ತೆರೆದ. "ನಿಮ್ಮದು ಆಮೇಲೆ" ಎಂದು ಇನ್ಸ್‌ಪೆಕ್ಟರು ಅವನ ಬಾಯಿ ಮುಚ್ಚಿಸಿದರು.

ಮುನಿನಾರಾಯಣಮ್ಮ ಮೈದುನನ ಮುಖ ನೋಡಿದಳು. ಎಣ್ಣೆ ಬೆವರಿನ ಜೊತೆ ಸೇರಿ ಕಿವಿಯ ಹಿಂದೆ ಇಳಿಯುತ್ತಿತ್ತು. ಇವನನ್ನು ಒಳಗೆ ಕೂರಿಸಿ ತನಗೇನಾಗಬೇಕು? ನಾಳೆ ಇವನ ಹೆಂಡತಿ ಬಂದು ಅಂಗಳದಲ್ಲಿ ಅಳುತ್ತಾಳೆ, ಅವಳಿಗೂ ತಾನೇ ಮುದ್ದೆ ಇಕ್ಕಬೇಕು. ಎಲ್ಲ ಕೆಲಸವೂ ಸುತ್ತಿ ಸುತ್ತಿ ತನ್ನ ಮೇಲೆಯೇ.

"ದೂರು ಬ್ಯಾಡ ಸ್ವಾಮಿ," ಎಂದಳು. "ಈ ಬಂದೂಕ ಯಾರ್ದು ಅಂತ ಇವನ ಬಾಯಾಗೇ ಯೋಳ್ಸಿ. ಬರೆಸ್ಕಳಿ. ನನ್ಗೆ ಅಷ್ಟೇ ಬೇಕಾಗಿರಾದು."

"ಹೇಳಯ್ಯ."

"ಅತ್ತಿಗೇದು," ಎಂದ ಚಿಕ್ಕಬೈರಪ್ಪ, ಪಂಚೆಯ ಅಂಚಿಗೆ ಹೇಳಿದಂತೆ.

"ಅತ್ತಿಗೆ ಅಂದ್ರೆ ಯಾರು? ಎಲ್ಲರಿಗೂ ಅತ್ತಿಗೆ ಇರ್ತಾರೆ. ಹೆಸರು ಹೇಳು."

ಅವನು ತಬ್ಬಿಬ್ಬಾದ. ಅಣ್ಣನ ಹೆಂಡತಿ ಮನೆಗೆ ಬಂದು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಒಂದು ದಿನವೂ ಆಕೆಯ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ. ಅತ್ತಿಗೆಯ ಹೆಸರು ಹಿಡಿಯಬಾರದೆಂಬುದು ಮರ್ಯಾದೆ. ಆ ಮರ್ಯಾದೆಯ ನೆರಳಿನಲ್ಲಿ ಅವನಿಗೆ ಬೇಕಾದಷ್ಟು ಅನುಕೂಲವೂ ಇತ್ತು. ಗಂಟಲು ಸರಿಮಾಡಿಕೊಂಡ, ಅತ್ತಿತ್ತ ನೋಡಿದ, ಬೆಂಚಿನ ಮೇಲಿನ ಇಬ್ಬರೂ ಮುಂದಕ್ಕೆ ಬಾಗಿದ್ದರು.

"ಮುನಿನಾರಾಯಣಮ್ಮಂದು."

"ಜೋರಾಗಿ. ಬರೆಯೋರಿಗೆ ಕೇಳಿಸ್ಬೇಕು."

"ಮುನಿನಾರಾಯಣಮ್ಮಂದು ಸಾರ್! ಬಂದೂಕ ಮುನಿನಾರಾಯಣಮ್ಮಂದು! ನಮ್ಮಣ್ಣನ ಭಾಗದ್ದು, ಅವರದ್ದೇ. ನನಗೂ ಅದಕ್ಕೂ ಏನೂ ಇಲ್ಲ!"

ಪಂಚಪ್ಪ ಬರೆದ. ಅಷ್ಟು ಬೇಗ ಅವನು ಯಾವತ್ತೂ ಬರೆದಿರಲಿಲ್ಲ. ಆಕೆಯ ಗಂಡನ ಹೆಸರು, ಊರು, ನಳಿಗೆಯ ಮೇಲಿನ ನಂಬರು, ಎಲ್ಲವನ್ನೂ ಬರೆದು, ಬಿಲ್ಲೆಯ ಮೇಲೆ ಮು. ನಾ. ಎಂದು ಕೆತ್ತಿರುವುದಾಗಿಯೂ, ಸದರಿ ಅಕ್ಷರಗಳು ವಾರಸುದಾರರದೇ ಹೊರತು ಉಡುಗೊರೆ ಕೊಟ್ಟವರದಲ್ಲವೆಂದೂ, ಯಾರೂ ಕೇಳದಿದ್ದರೂ, ಕೆಳಗೆ ಸೇರಿಸಿದ. ಚಿಕ್ಕಬೈರಪ್ಪ ಸಹಿ ಹಾಕಿದ. ಅದರ ಕೆಳಗೆ ಮುನಿನಾರಾಯಣಮ್ಮ, ಒಂದೊಂದೇ ಅಕ್ಷರ ಕೂಡಿಸಿ, ತನ್ನ ಪೂರ್ತಿ ಹೆಸರು ಬರೆದಳು. ಬಂದೂಕನ್ನು ಕೈಗೆ ತೆಗೆದುಕೊಂಡು, ಮಡಿಸಿ, ನಳಿಗೆ ಖಾಲಿ ಇದೆಯೇ ಎಂದು ನೋಡಿ, ಹೆಗಲಿಗೆ ಏರಿಸಿಕೊಂಡು ಮೆಟ್ಟಿಲಿಳಿದಳು. ನಡು ಹಿಡಿದುಕೊಂಡಿತ್ತು. ಹೊಟ್ಟೆಯಲ್ಲಿ ಬೆಳಗಿನ ಅಂಬಲಿ ಬಿಟ್ಟರೆ ಏನೂ ಇರಲಿಲ್ಲ.

ಚಿಕ್ಕಬೈರಪ್ಪ ಹಿಂದೆಯೇ ಓಡಿಬಂದ. ಅವಮಾನಕ್ಕಿಂತ ಬದುಕಿದೆನಲ್ಲ ಎಂಬ ಸಮಾಧಾನವೇ ಅವನಲ್ಲಿ ಹೆಚ್ಚಾಗಿತ್ತು. ಏನಾದರೂ ಒಂದು ಒಳ್ಳೆಯದು ಮಾಡಬೇಕೆನ್ನಿಸಿ ಎರಡೂ ಕೈ ಚಾಚಿದ.

"ತತ್ತಾ ಅತ್ತಿಗೆ, ಭಾರ. ಮನೆಗಂಟ ನಾನ್ ಇಡ್ಕಂಡ್ ಬತ್ತೀನಿ."

ಮುನಿನಾರಾಯಣಮ್ಮ ನಿಂತಳು. ಆ ಕೈಗಳನ್ನು ನೋಡಿದಳು, ಆಮೇಲೆ ತಿರುಗಿ ಠಾಣೆಯ ಕಿಟಕಿಯನ್ನು ನೋಡಿದಳು. ಕಂಬಿಗಳ ನಡುವೆ ಪಂಚಪ್ಪ ಮುಖವಿಟ್ಟು, ಎಲ್ಲ ಸುಖವಾಗಿ ಮುಗಿಯಿತೆಂಬ ಸಂತೋಷದಲ್ಲಿ ನೋಡುತ್ತಿದ್ದ.

"ನಿನ್ ಕೈಗೆ ಕೊಟ್ರೆ ಆವಯ್ಯ ಅಲ್ಲಿಂದ್ಲೇ ನೋಡಿ, ಮತ್ತೆ ಕೊಟ್ಟೆ ಅಂತ ಬರ್ಕತಾನೆ," ಎಂದಳು. "ನಡಿಯಪ್ಪ ಮುಂದೆ. ತ್ವಾಟದಾಗೆ ಅಕ್ಕಿ ಬಿದ್ದೈತೆ."